ನಮಗೆ ಉಪಯೋಗವಿಲ್ಲದ ಜೀವಿಗೂ ದೇವರ ಮುಂದೆ ಬೆಲೆ ಇದೆಯಾ?

ಎಮ್ಮಾವು ದಾರಿ:

ಎಲ್ಲರಿಗೂ ಯೇಸುವಿನ ಹೆಸರಿನಲ್ಲಿ ವಂದನೆ. ತುಂಬಾ ದಿನದಿಂದ ತಲೆಯಲ್ಲಿ ಕೊರೆಯುತ್ತಿರುವ ವಿಷಯ ಇದು. ಸ್ವಲ್ಪ ಉದ್ದ ಆಗಬಹುದು, ತಾಳ್ಮೆಯಿಂದ ಓದಿ.

ಸಭೆಯಲ್ಲಿ ಪ್ರಕೃತಿಯ ವಿಷಯ ಬಂದರೆ ಸಾಮಾನ್ಯವಾಗಿ ಎರಡು ಮಾತು ಕೇಳುತ್ತೇವೆ. "ದೇವರು ಇದನ್ನೆಲ್ಲ ನಮಗೋಸ್ಕರ ಮಾಡಿಟ್ಟಿದ್ದಾರೆ" ಅನ್ನೋದು ಒಂದು. "ಮಕ್ಕಳು ಮೊಮ್ಮಕ್ಕಳಿಗೆ ಉಳಿಸಬೇಕು" ಅನ್ನೋದು ಇನ್ನೊಂದು. ಎರಡೂ ಸುಳ್ಳಲ್ಲ. ಆದರೆ ಎರಡರಲ್ಲೂ ನಡುಮಧ್ಯೆ ಕೂತಿರುವುದು ನಾವೇ. ಮಳೆ ಬೇಕು, ಅದಕ್ಕೆ ಕಾಡು ಇರಲಿ. ಬೆಳೆ ಬೇಕು, ಅದಕ್ಕೆ ಜೇನು ಇರಲಿ. ಹಾಗಾದರೆ ನಮ್ಮ ಯಾವ ಕೆಲಸಕ್ಕೂ ಬಾರದ ಒಂದು ಹುಳ, ಒಂದು ಕಳೆ, ಸಮುದ್ರದ ಆಳದಲ್ಲಿ ಯಾರೂ ನೋಡದ ಒಂದು ಮೀನು? ಅದು ಇದ್ದರೆಷ್ಟು ಬಿಟ್ಟರೆಷ್ಟು ಅಂತೀವಾ?

ಸತ್ಯವೇದದ, ಅಂದರೆ ಬೈಬಲಿನ, ಆದಿಕಾಂಡದ ಮೊದಲನೇ ಅಧ್ಯಾಯವನ್ನು ನಿಧಾನವಾಗಿ ಓದಿ ನೋಡಿ. ಬೆಳಕು, ಒಣನೆಲ ಮತ್ತು ಸಮುದ್ರ, ಗಿಡಮರ, ಸೂರ್ಯ ಚಂದ್ರ, ಮೀನು ಹಕ್ಕಿ, ಕಾಡುಮೃಗ. ಒಂದೊಂದನ್ನೂ ದೇವರು ನೋಡಿ ಒಳ್ಳೆಯದೆಂದು ಕಾಣುತ್ತಾರೆ. ಹೀಗೆ ಆರು ಸಲ. ಆರನೇ ಸಲ ಆ ಮಾತು ಬರುವಾಗಲೂ ಮನುಷ್ಯ ಇನ್ನೂ ಹುಟ್ಟಿಯೇ ಇಲ್ಲ! ಅವನು ಬಂದ ಮೇಲೆ ಏಳನೇ ಸಲ "ಬಹು ಒಳ್ಳೆಯದು" ಅಂತ ಬರುತ್ತದೆ, ನಿಜ. ಆದರೆ ಅಲ್ಲಿ ದೇವರು ನೋಡಿದ್ದು ತಾವು ಉಂಟುಮಾಡಿದ್ದನ್ನೆಲ್ಲ, ಒಟ್ಟಾಗಿ. ಮನುಷ್ಯನಿಗೆ ಅಂತ ಪ್ರತ್ಯೇಕ ದಿನವೂ ಸಿಕ್ಕಿಲ್ಲ. ದನ, ಕಾಡುಮೃಗ, ಹರಿದಾಡುವ ಜೀವಿಗಳ ಜೊತೆಗೇ ಆರನೇ ದಿನ. ಹೆಚ್ಚಿರಿ, ತುಂಬಿಕೊಳ್ಳಿರಿ ಎಂಬ ಆಶೀರ್ವಾದ ಮೊದಲು ಸಿಕ್ಕಿದ್ದು ಕೂಡ ಮೀನಿಗೆ ಮತ್ತು ಹಕ್ಕಿಗೆ (1:22).

ಇದರಿಂದ ನನಗೆ ಅನಿಸುವುದು ಇಷ್ಟು. ಸೃಷ್ಟಿಗೆ ಬೆಲೆ ಕಟ್ಟಿದವರು ನಾವಲ್ಲ. ನಾವು ಬರುವ ಮೊದಲೇ ದೇವರು ಅದನ್ನು ನೋಡಿ ಮೆಚ್ಚಿಕೊಂಡಾಗಿತ್ತು. ಮನೆಯಲ್ಲಿ ಹುಟ್ಟಿದ ಮಗುವನ್ನು ಎತ್ತಿಕೊಂಡವರು "ಇದರಿಂದ ಏನು ಲಾಭ" ಅಂತ ಕೇಳುವುದಿಲ್ಲ ಅಲ್ವಾ? ಅಂಥ ಮೆಚ್ಚುಗೆ ಅದು. ನೀವೆಲ್ಲ ಏನಂತೀರಿ?

ಬೆಳಗಿನ ಪ್ರಾರ್ಥನೆ:

ಪ್ರೇಸ್ ದ ಲಾರ್ಡ್ ಬ್ರದರ್. ನಿಮ್ಮ ಕಾಳಜಿ ಒಳ್ಳೆಯದೇ. ಆದರೆ ಅರ್ಧ ವಚನ ಮಾತ್ರ ಹೇಳಿದಂತೆ ಕಾಣುತ್ತಿದೆ. ದೇವರ ಸ್ವರೂಪದಲ್ಲಿ ಉಂಟಾದವನು ಮನುಷ್ಯ ಒಬ್ಬನೇ. 1:28ರಲ್ಲಿ ಭೂಮಿಯನ್ನು ವಶಮಾಡಿಕೊಳ್ಳಿ, ಎಲ್ಲ ಜೀವಿಗಳ ಮೇಲೆ ದೊರೆತನ ಮಾಡಿ ಅಂತ ನೇರವಾಗಿಯೇ ಇದೆ. ಯೇಸುಸ್ವಾಮಿ ಕೂಡ "ಬಹಳ ಗುಬ್ಬಿಗಳಿಗಿಂತ ನೀವು ಹೆಚ್ಚಿನವರು" ಎಂದರು.

ನನಗೆ ಇನ್ನೊಂದು ಭಯ ಇದೆ, ಮುಚ್ಚಿಡುವುದಿಲ್ಲ. ಇವತ್ತು ಮರ ಒಳ್ಳೆಯದು ಅಂತೀವಿ, ನಾಳೆ ಮರದಲ್ಲೇ ದೇವರು ಅಂತೀವಿ. ಸೃಷ್ಟಿಕರ್ತನನ್ನು ಬಿಟ್ಟು ಸೃಷ್ಟಿಯನ್ನು ಪೂಜಿಸುವುದರ ಬಗ್ಗೆ ಪೌಲನು ರೋಮಾ 1:25ರಲ್ಲಿ ಎಚ್ಚರಿಸಿದ್ದಾನೆ. ಆತ್ಮಗಳ ರಕ್ಷಣೆ ಮೊದಲು, ಉಳಿದದ್ದು ಆಮೇಲೆ.

ಎಮ್ಮಾವು ದಾರಿ:

ಬ್ರದರ್, ನಿಮ್ಮ ಭಯವನ್ನು ನಾನು ಹಗುರವಾಗಿ ತಗೊಳ್ಳುವುದಿಲ್ಲ. ಸೃಷ್ಟಿ ದೇವರಲ್ಲ. ಇದರಲ್ಲಿ ನಮ್ಮಿಬ್ಬರಿಗೂ ಒಂದೇ ನಂಬಿಕೆ. ಆದಿಕಾಂಡದಲ್ಲಿ ಸೂರ್ಯ ಚಂದ್ರರನ್ನೇ ಎರಡು ದೀಪಗಳ ಹಾಗೆ ಆಕಾಶದಲ್ಲಿ ಇಟ್ಟುಬಿಡುತ್ತಾರೆ, ಅವಕ್ಕೆ ಯಾರೂ ಅಡ್ಡಬೀಳಬೇಕಿಲ್ಲ. ಆದರೆ ಪೂಜೆ ಮಾಡಬಾರದು ಅಂದ ಮಾತ್ರಕ್ಕೆ ಹಾಳು ಮಾಡಬಹುದು ಅಂತ ಆಗುವುದಿಲ್ಲ. ಪಕ್ಕದ ಮನೆಯವರನ್ನೂ ನಾವು ಪೂಜಿಸುವುದಿಲ್ಲವಲ್ಲ.

ಗುಬ್ಬಿಯ ವಿಷಯಕ್ಕೆ ಬರೋಣ. ಮತ್ತಾಯ 10:29ರಲ್ಲಿ ಒಂದು ಕಾಸಿಗೆ ಎರಡು ಗುಬ್ಬಿ. ಲೂಕ 12:6ರಲ್ಲಿ ಎರಡು ಕಾಸಿಗೆ ಐದು ಗುಬ್ಬಿ. ಲೆಕ್ಕ ಹಾಕಿ: ನಾಲ್ಕಕ್ಕೆ ದುಡ್ಡು, ಐದನೆಯದು ಸುಮ್ನೆ ಮೇಲೆ ಹಾಕಿಕೊಟ್ಟದ್ದು. ಸಂತೆಯಲ್ಲಿ ಅದಕ್ಕೆ ಒಂದು ಕಾಸಿನ ಬೆಲೆಯೂ ಇಲ್ಲ. ಆ ಗುಬ್ಬಿಗಳಲ್ಲಿ ಒಂದನ್ನೂ ದೇವರು ಮರೆತಿಲ್ಲ ಅನ್ನುತ್ತಾರೆ ಯೇಸು. ನಾವು ಹೆಚ್ಚಿನವರು ಅನ್ನುವುದು ಅದಾದ ಮೇಲೆ ಬರುವ ಮಾತು. ಗುಬ್ಬಿಯ ಮೇಲೆ ದೇವರಿಗೆ ನಿಜವಾದ ಕಾಳಜಿ ಇಲ್ಲದಿದ್ದರೆ ನಮಗೆ ಕೊಟ್ಟ ಧೈರ್ಯವೂ ಟೊಳ್ಳಾಗುತ್ತದೆ.

ದೊರೆತನದ ಬಗ್ಗೆ: ಎಂಥ ದೊರೆ ಬೇಕು ಅಂತ ಸತ್ಯವೇದವೇ ಬೇರೆ ಕಡೆ ಹೇಳುತ್ತದೆ. ಧರ್ಮೋಪದೇಶಕಾಂಡ 17ರಲ್ಲಿ ಅರಸ ಕುದುರೆಗಳನ್ನೂ ಬೆಳ್ಳಿಬಂಗಾರವನ್ನೂ ಬಹಳವಾಗಿ ಕೂಡಿಸಿಕೊಳ್ಳಬಾರದು. ಯೆಹೆಜ್ಕೇಲ 34ರಲ್ಲಿ ಕುರಿಗಳನ್ನು ಮೇಯಿಸದೆ ತಮ್ಮನ್ನೇ ಪೋಷಿಸಿಕೊಂಡ ಕುರುಬರ ಮೇಲೆ ದೇವರಿಗೆ ಸಿಟ್ಟು. ಅಷ್ಟೇ ಏಕೆ, ದೊರೆತನ ಕೊಟ್ಟ ಮರುವಚನದಲ್ಲೇ (1:29-30) ಮನುಷ್ಯನಿಗೂ ಪ್ರಾಣಿಗಳಿಗೂ ಊಟಕ್ಕೆ ಕೊಟ್ಟದ್ದು ಸೊಪ್ಪು, ಬೀಜ, ಹಣ್ಣು. ಮಾಂಸದ ಮಾತು ಬರುವುದು ಪ್ರಳಯದ ನಂತರ, 9ನೇ ಅಧ್ಯಾಯದಲ್ಲಿ. ಅಂದರೆ ಮೊದಲು ಸಿಕ್ಕ ದೊರೆತನ ಕೊಲ್ಲುವ ಅಧಿಕಾರ ಆಗಿರಲಿಲ್ಲ.

ಸಸ್ಯಶಾಸ್ತ್ರ ಟೀಚರ್:

"ನಮ್ಮ ಕೆಲಸಕ್ಕೆ ಬಾರದ ಹುಳ" ಅಂದಿರಲ್ಲ, ಅದಕ್ಕೆ ನಾನು ಒಂದನ್ನು ತೋರಿಸುತ್ತೇನೆ. ಪ್ರತಿ ವರ್ಷ ತರಗತಿಯಲ್ಲಿ ಇದನ್ನು ಹೇಳುವಾಗ ನನಗೆ ಮೈ ಜುಂ ಅನ್ನುತ್ತದೆ.

ಅತ್ತಿಹಣ್ಣು ಬಿಡಿಸಿದರೆ ಬರೀ ಹುಳ ಅಂತ ನಮ್ಮಲ್ಲಿ ಮಾತೇ ಇದೆ. ಆ ಹುಳ ಯಾವುದು ಅಂತ ಎಷ್ಟು ಜನ ನೋಡಿದ್ದೀರಿ? ಅತ್ತಿ, ಆಲ, ಅರಳಿ, ಅಂಜೂರ ಎಲ್ಲ ಒಂದೇ ಕುಲ, ಲೋಕದಲ್ಲಿ 700ಕ್ಕೂ ಹೆಚ್ಚು ಜಾತಿ ಇವೆ. ಇವುಗಳ ಹೂವು ಹೊರಗೆ ಕಾಣುವುದಿಲ್ಲ. ನಾವು ಕಾಯಿ ಅನ್ನುವ ಆ ಉಂಡೆಯ ಒಳಗೋಡೆಗೆ ನೂರಾರು ಪುಟ್ಟ ಹೂವು ಅಂಟಿಕೊಂಡಿರುತ್ತವೆ. ತುದಿಯಲ್ಲಿ ಒಂದು ಸಣ್ಣ ಬಾಯಿ, ಅದೂ ಪದರಗಳಿಂದ ಮುಚ್ಚಿರುತ್ತದೆ. ಬಹುಮಟ್ಟಿಗೆ ಪ್ರತಿ ಜಾತಿಗೂ ಅದರದ್ದೇ ಆದ ಕಣಜ ಇರುತ್ತದೆ, ಕೆಲವೇ ಮಿಲಿಮೀಟರ್ ಉದ್ದದ್ದು. ಹೆಣ್ಣು ಕಣಜ ವಾಸನೆ ಹಿಡಿದು ಬಂದು ಆ ಬಾಯಲ್ಲಿ ನುಗ್ಗುತ್ತದೆ. ದಾರಿ ಎಷ್ಟು ಇಕ್ಕಟ್ಟು ಅಂದರೆ ಸಾಮಾನ್ಯವಾಗಿ ರೆಕ್ಕೆಗಳೇ ಕಿತ್ತುಹೋಗುತ್ತವೆ. ಒಳಗೆ ಕತ್ತಲಲ್ಲಿ ಅದು ತಂದ ಪರಾಗ ಹೂವಿಗೆ ತಗಲುತ್ತದೆ, ಕೆಲವು ಹೂವಿನಲ್ಲಿ ಮೊಟ್ಟೆ ಇಡುತ್ತದೆ. ಆಮೇಲೆ ಅಲ್ಲೇ ಸಾಯುತ್ತದೆ. ಮರಿಗಳಲ್ಲಿ ಮೊದಲು ಹೊರಬರುವುದು ಗಂಡು. ಅದಕ್ಕೆ ರೆಕ್ಕೆಯೇ ಇಲ್ಲ. ಹೆಣ್ಣುಗಳ ಜೊತೆ ಕೂಡುತ್ತದೆ, ಅವುಗಳಿಗಾಗಿ ಗೋಡೆಯಲ್ಲಿ ಸುರಂಗ ಕೊರೆಯುತ್ತದೆ, ಸಾಯುತ್ತದೆ. ಹೆಣ್ಣು ಪರಾಗ ಹೊತ್ತು ಆ ಸುರಂಗದಿಂದ ಹಾರಿ ಇನ್ನೊಂದು ಮರ ಹುಡುಕುತ್ತದೆ. ಈ ಹಣ್ಣನ್ನು ನಂಬಿಕೊಂಡು ಹಕ್ಕಿ, ಬಾವಲಿ, ಕೋತಿ ಎಲ್ಲ ಬದುಕುತ್ತವೆ.

ಆಮೋಸನು ತಾನು ಪ್ರವಾದಿಯಾಗುವ ಮೊದಲು ಅತ್ತಿಹಣ್ಣಿನ ಕೆಲಸ ಮಾಡುತ್ತಿದ್ದೆ ಅನ್ನುತ್ತಾನೆ (7:14). ಅವನ ಕಣ್ಣೆದುರಿನ ಮರಗಳೂ ಇದೇ ಕುಲದ್ದು. ಮನುಷ್ಯರು ಈ ಕಣಜದ ಕಥೆಯನ್ನು ಬಿಡಿಸಿ ತಿಳಿದುಕೊಂಡದ್ದು ಇತ್ತೀಚೆಗೆ. ಅದಕ್ಕೂ ಮುಂಚೆ ಎಷ್ಟೋ ಕಾಲ ಇದು ಯಾರ ಚಪ್ಪಾಳೆಯೂ ಇಲ್ಲದೆ ನಡೆದೇ ಇತ್ತು. ಒಬ್ಬರು ಮಾತ್ರ ನೋಡುತ್ತಿದ್ದರು. ಇದೇ ಸಾಕು ನನಗೆ.

(ಭೂಮಿಗೆ ವಯಸ್ಸೆಷ್ಟು ಅನ್ನುವ ಜಗಳಕ್ಕೆ ದಯವಿಟ್ಟು ಯಾರೂ ಇಲ್ಲಿ ಹೋಗಬೇಡಿ. ಅದು ಬೇರೆಯೇ ಚರ್ಚೆ.)

ಓದುಗ:

ಟೀಚರ್, ಚೆನ್ನಾಗಿ ಬರೆದಿದ್ದೀರಿ. ಆದರೆ ನನಗೆ ಅಲ್ಲೇ ತೊಡಕು. ಬರೀ ಅತ್ತಿಯ ಕಣಜ ಯಾಕೆ? ಬದುಕಿರುವ ಕಂಬಳಿಹುಳದ ಮೈಯೊಳಗೆ ಮೊಟ್ಟೆ ಇಡುವ ಕಣಜಗಳೂ ಇವೆ. ಮರಿಗಳು ಅದನ್ನು ಒಳಗಿನಿಂದ ತಿನ್ನುತ್ತವೆ. ಜಿಂಕೆ ಮರಿಯನ್ನು ಸಿಂಹ ಹರಿಯುತ್ತದೆ. ಇದನ್ನೂ "ಒಳ್ಳೆಯದು" ಅನ್ನಬೇಕಾ? ಸೂರ್ಯಾಸ್ತದ ಫೋಟೋ ಹಾಕಿ ದೇವರನ್ನು ಸ್ತುತಿಸುವುದು ಸುಲಭ. ಈ ಪ್ರಶ್ನೆಯಿಂದಲೇ ನಾನು ಕೆಲವು ಕಾಲ ಪ್ರಾರ್ಥನೆ ಮಾಡುವುದನ್ನೇ ನಿಲ್ಲಿಸಿದ್ದೆ. ಜಗಳಕ್ಕೆ ಕೇಳುತ್ತಿಲ್ಲ, ನಿಜವಾಗಿ ಕೇಳುತ್ತಿದ್ದೇನೆ.

ನಿವೃತ್ತ ಸಭಾಪಾಲಕ:

ತಮ್ಮಾ, ಇಂಥ ಪ್ರಶ್ನೆಗೆ ಬೇಗ ಉತ್ತರ ಕೊಡುವವರನ್ನು ನಂಬಬೇಡ. ನನಗೆ ತಿಳಿದಷ್ಟು ಹೇಳುತ್ತೇನೆ.

ಕ್ರೈಸ್ತರಲ್ಲಿ ಇದಕ್ಕೆ ಎರಡು ರೀತಿಯ ಉತ್ತರ ಇದೆ. ಪಾಪ ಬಂದ ಮೇಲೆ ಸೃಷ್ಟಿಯೂ ಕೆಟ್ಟಿತು, ಕೊಂದು ತಿನ್ನುವುದು ಅದರಿಂದ ಅನ್ನುವವರು ಕೆಲವರು. ಯೆಶಾಯ 11ರಲ್ಲಿ ತೋಳ ಕುರಿಯ ಸಂಗಡ ವಾಸಿಸುವ ದಿನ ಬರುತ್ತದಲ್ಲ, ಅವರು ಅದನ್ನು ತೋರಿಸುತ್ತಾರೆ. ಇನ್ನು ಕೆಲವರು 104ನೇ ಕೀರ್ತನೆಯನ್ನು ತೋರಿಸುತ್ತಾರೆ. ಅಲ್ಲಿ ಪ್ರಾಯದ ಸಿಂಹಗಳು ಗರ್ಜಿಸುತ್ತಾ ದೇವರಿಂದ ಆಹಾರ ಕೇಳುತ್ತವೆ. ಕೀರ್ತನೆಗಾರನಿಗೆ ಅದರಲ್ಲಿ ನಾಚಿಕೆ ಕಾಣುವುದಿಲ್ಲ. ರಾತ್ರಿ ಸಿಂಹದ ಪಾಳಿ. ಹೊತ್ತು ಹುಟ್ಟಿದ ಮೇಲೆ ಅದು ಗವಿಗೆ ಹೋಗಿ ಮಲಗುತ್ತದೆ, ಮನುಷ್ಯ ಕೆಲಸಕ್ಕೆ ಹೊರಟು ಸಂಜೆಯ ತನಕ ದುಡಿಯುತ್ತಾನೆ. ಒಂದೇ ನೆಲ, ಎರಡು ಪಾಳಿ, ಇಬ್ಬರಿಗೂ ಒಬ್ಬನೇ ಯಜಮಾನ. ನಾನು ಎಷ್ಟು ವರ್ಷ ಓದಿದರೂ ಈ ಭಾಗದ ಹತ್ತಿರ ನಿಲ್ಲುತ್ತೇನೆ.

ಆದರೆ ನಿನ್ನ ಪ್ರಶ್ನೆಗೆ ಹತ್ತಿರದ ಪುಸ್ತಕ ಯೋಬ. ಅವನು ಮಕ್ಕಳನ್ನು ಕಳೆದುಕೊಂಡು, ಮೈತುಂಬ ಹುಣ್ಣಾಗಿ, ಯಾಕೆ ಅಂತ ಕೇಳಿದ. 38ರಿಂದ 41ನೇ ಅಧ್ಯಾಯದವರೆಗೆ ದೇವರು ಬಿರುಗಾಳಿಯೊಳಗಿಂದ ಮಾತಾಡುತ್ತಾರೆ, ಕಾರಣ ಮಾತ್ರ ಹೇಳುವುದಿಲ್ಲ. ಸೃಷ್ಟಿಯನ್ನು ತೋರಿಸುತ್ತಾರೆ. ಅದೂ ಯುದ್ಧದ ಕುದುರೆ ಒಂದನ್ನು ಬಿಟ್ಟರೆ ಸಾಕುಪ್ರಾಣಿ, ತೋಟ, ಹೊಲ ಅಲ್ಲ. ಮನುಷ್ಯರೇ ಇಲ್ಲದ ಅರಣ್ಯದಲ್ಲಿ ಸುರಿಯುವ ಮಳೆ. ಊರಿನ ಗದ್ದಲವನ್ನು ಲೆಕ್ಕಿಸದ ಕಾಡುಕತ್ತೆ. ಹಸಿದು ದೇವರಿಗೆ ಕೂಗುವ ಕಾಗೆಮರಿ. ರಕ್ತ ಹೀರುವ ಹದ್ದಿನ ಮರಿ. ದೇವರು ಇವನ್ನು ಮುಚ್ಚಿಟ್ಟಿಲ್ಲ, ಚೆಂದದ್ದನ್ನು ಮಾತ್ರ ಆಯ್ದು ತೋರಿಸಿಲ್ಲ. ಬೆಹೇಮೋತ್ ಎಂಬ ದೈತ್ಯ ಮೃಗವನ್ನು ತೋರಿಸಿ, ನಿನ್ನನ್ನು ಮಾಡಿದ ನಾನೇ ಇದನ್ನೂ ಮಾಡಿದೆ ಅನ್ನುತ್ತಾರೆ.

ನೋವಿಗೆ ಇದು ವಿವರಣೆ ಅಂತ ನಾನು ಹೇಳಲಾರೆ. ಯೋಬ ಕೇಳಿದ್ದು ಒಂದು, ಅವನಿಗೆ ಸಿಕ್ಕಿದ್ದು ಇನ್ನೊಂದು. ಆದರೆ ಸಿಕ್ಕಿದ್ದು ಸಣ್ಣದಲ್ಲ. ಪೌಲನೂ ರೋಮಾ 8ರಲ್ಲಿ ಸೃಷ್ಟಿಯೆಲ್ಲ ನರಳುತ್ತಿದೆ, ಪ್ರಸವವೇದನೆ ಪಡುತ್ತಿದೆ ಅಂತ ಬರೆಯುತ್ತಾನೆ. ಸೃಷ್ಟಿ ಒಳ್ಳೆಯದು, ಸೃಷ್ಟಿ ನರಳುತ್ತಿದೆ. ಎರಡನ್ನೂ ಒಟ್ಟಿಗೆ ಹಿಡಿದುಕೊಂಡು ಪ್ರಾರ್ಥಿಸುವುದಕ್ಕೆ ಜಾಗ ಇದೆ. ನೀನು ನಿಲ್ಲಿಸಿದ್ದನ್ನು ಮತ್ತೆ ಶುರು ಮಾಡಿದ್ದೀಯ ಅಂತ ಕಾಣುತ್ತದೆ. ನನಗೆ ಸಂತೋಷ.

ಓದುಗ:

ಧನ್ಯವಾದ ಅಯ್ಯನವರೇ. ರಕ್ತ ಹೀರುವ ಹದ್ದಿನ ಮರಿ ಸತ್ಯವೇದದಲ್ಲೇ ಇದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಇವತ್ತು ರಾತ್ರಿ ಆ ನಾಲ್ಕು ಅಧ್ಯಾಯ ಓದುತ್ತೇನೆ.

ಕ್ಲಾರಾಳ ತೋಟ:

ನಾನು ಕಥೋಲಿಕ ಸಭೆಯವಳು. ಇತಿಹಾಸದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

1967ರಲ್ಲಿ ಲಿನ್ ವೈಟ್ ಎಂಬ ಇತಿಹಾಸಕಾರರು ಸೈನ್ಸ್ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಪ್ರಕೃತಿಯ ಈ ಸಂಕಟದ ಬೇರು ಪಶ್ಚಿಮದ ಕ್ರೈಸ್ತ ಧರ್ಮದಲ್ಲಿದೆ, ಎಲ್ಲವೂ ಮನುಷ್ಯನಿಗಾಗಿಯೇ ಇದೆ ಅಂತ ಅದು ಕಲಿಸಿತು ಅನ್ನುವುದು ಅವರ ಆರೋಪ. ನಮ್ಮವರು ತುಂಬಾ ಜನ ಸಿಟ್ಟಾದರು. ನನ್ನ ಅಭಿಪ್ರಾಯ ಹೇಳುವುದಾದರೆ, ಆ ಮಾತು ಸತ್ಯವೇದಕ್ಕೆ ಹೊಂದುವುದಿಲ್ಲ, ಆದರೆ ನಾವು ಬದುಕಿದ ರೀತಿಗೆ ಸಾಕಷ್ಟು ಹೊಂದುತ್ತದೆ. ಅದೇ ಲೇಖನದ ಕೊನೆಯಲ್ಲಿ ಅವರು ಅಸ್ಸಿಸಿಯ ಸಂತ ಫ್ರಾನ್ಸಿಸರನ್ನು ಪರಿಸರಕ್ಕಾಗಿ ದುಡಿಯುವವರ ಪಾಲಕರನ್ನಾಗಿ ಇಟ್ಟುಕೊಳ್ಳಿ ಅಂದಿದ್ದರು. 1979ರಲ್ಲಿ ಎರಡನೇ ಜಾನ್ ಪಾಲ್ ಜಗದ್ಗುರುಗಳು (ಪೋಪ್) ಹಾಗೇ ಘೋಷಿಸಿದರು. 1989ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಆರ್ಥೊಡಾಕ್ಸ್ ಪಿತೃಪ್ರಧಾನರು ಸೆಪ್ಟೆಂಬರ್ 1ನ್ನು ಸೃಷ್ಟಿಗಾಗಿ ಪ್ರಾರ್ಥಿಸುವ ದಿನ ಮಾಡಿದರು. 2015ರಲ್ಲಿ ನಮ್ಮ ಸಭೆಯೂ ಆ ದಿನವನ್ನು ಸೇರಿಸಿಕೊಂಡಿತು.

ಆದರೆ ಇದು ಹೊಸದಾಗಿ ಹುಟ್ಟಿದ ಯೋಚನೆ ಅಂದುಕೊಳ್ಳಬೇಡಿ. ಎರಡನೇ ಶತಮಾನದಲ್ಲೇ ಈ ಮಣ್ಣಿನ ಲೋಕ ಯಾವುದೋ ಕೀಳು ದೇವರ ಕೆಲಸ, ರಕ್ಷಣೆ ಅಂದರೆ ಇದರಿಂದ ತಪ್ಪಿಸಿಕೊಳ್ಳುವುದು ಅನ್ನುವವರಿದ್ದರು. ಲಿಯಾನ್‌ನ ಬಿಷಪ್ ಐರೇನಿಯಸ್ ಅವರನ್ನು ಎದುರಿಸಿ ನಿಂತರು. ಸೃಷ್ಟಿಸಿದವನೂ ರಕ್ಷಿಸಿದವನೂ ಒಬ್ಬನೇ ದೇವರು ಎಂದು ಅವರು ಬರೆದರು. ನಾವು ವಿಶ್ವಾಸಪ್ರಮಾಣ ಹೇಳುವಾಗ ಪಾಪಕ್ಷಮೆಗಿಂತ ಎಷ್ಟೋ ಮೊದಲು ಭೂಪರಲೋಕಗಳ ಸೃಷ್ಟಿಕರ್ತನನ್ನು ನಂಬುತ್ತೇನೆ ಅನ್ನುತ್ತೇವೆ. ಸುಮ್ನೆ ಬಾಯಿಪಾಠ ಹೇಳಿಬಿಡುತ್ತೇವೆ, ಅಷ್ಟೇ. 13ನೇ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಕೇಳುತ್ತಾರೆ, ಇಷ್ಟು ಬಗೆಬಗೆಯ ಜೀವಿಗಳು ಯಾಕೆ? ದೇವರ ಒಳ್ಳೆಯತನವನ್ನು ಯಾವ ಒಂದು ಜೀವಿಯೂ ಪೂರ್ತಿಯಾಗಿ ತೋರಿಸಲಾರದು, ಒಂದರಲ್ಲಿ ಇಲ್ಲದ್ದನ್ನು ಇನ್ನೊಂದು ತೋರಿಸಲಿ ಅಂತ. ಹಾಗಿದ್ದರೆ ಒಂದು ಜಾತಿ ಅಳಿದುಹೋದಾಗ ದೇವರ ಬಗ್ಗೆ ತಿಳಿಯುವ ಒಂದು ದಾರಿಯೂ ಮುಚ್ಚಿತು. ಟೀಚರ್ ಹೇಳಿದ ಕಣಜ ಓದುವಾಗ ನನಗೆ ನೆನಪಾದದ್ದು ಇದೇ.

ಬೆಳಗಿನ ಪ್ರಾರ್ಥನೆ:

ಸಿಸ್ಟರ್, ನಿಮ್ಮ ಮಾತನ್ನು ಗೌರವಿಸುತ್ತೇನೆ. ಆದರೂ 2 ಪೇತ್ರ 3:10 ಏನು ಮಾಡೋಣ? ಎಲ್ಲವೂ ಬೆಂಕಿಯಲ್ಲಿ ಲಯವಾಗುತ್ತದೆ. ಸುಟ್ಟುಹೋಗುವ ಮನೆಗೆ ಬಣ್ಣ ಯಾಕೆ ಬಳಿಯಬೇಕು ಅಂತ ಕೇಳುವವರಿಗೆ ಏನು ಹೇಳುತ್ತೀರಿ?

ಎಮ್ಮಾವು ದಾರಿ:

ಒಳ್ಳೆಯ ಪ್ರಶ್ನೆ ಬ್ರದರ್. ನಾಲ್ಕು ವಚನ ಹಿಂದೆ ಹೋಗಿ. ನೋಹನ ಕಾಲದ ಲೋಕ ನೀರಿನಿಂದ ನಾಶವಾಯಿತು ಅಂತ ಪೇತ್ರ ಹೇಳುತ್ತಾನೆ. ಆ ನಾಶದ ಮೇಲೆ ಏನಾಯಿತು? ನೀರಿಳಿದ ಮೇಲೆ ಅದೇ ಭೂಮಿ ಕಾಣಿಸಿತು, ಪಾರಿವಾಳ ಎಣ್ಣೆಮರದ (ಆಲಿವ್) ಎಲೆ ತಂದಿತು. ದೇವರು ಒಡಂಬಡಿಕೆ ಮಾಡಿಕೊಂಡದ್ದು ನೋಹನ ಜೊತೆ ಮಾತ್ರವಲ್ಲ, ಹಡಗಿನಿಂದ ಹೊರಬಂದ ಪ್ರತಿಯೊಂದು ಜೀವಿಯ ಜೊತೆಗೂ. ಆದಿಕಾಂಡ 9ರಲ್ಲಿ ಇದು ಮತ್ತೆ ಮತ್ತೆ ಬರುತ್ತದೆ, ನಾವು ಮರೆಯಬಾರದು ಅಂತಲೇ ಏನೋ. ಪೇತ್ರನ ಬೆಂಕಿಯನ್ನೂ ನಾನು ಹಾಗೇ ಓದುತ್ತೇನೆ, ಕೆಟ್ಟದ್ದನ್ನು ಸುಡುವ ನ್ಯಾಯತೀರ್ಪು. ರೋಮಾ 8:21ರಲ್ಲಿ ಈ ಸೃಷ್ಟಿಯೇ ನಾಶದ ವಶದಿಂದ ಬಿಡುಗಡೆಯಾಗುತ್ತದೆ ಅಂತ ಇದೆ. ಬಿಸಾಡುವ ವಸ್ತುವಿಗೆ ಬಿಡುಗಡೆ ಯಾಕೆ? ಎದ್ದುಬಂದ ಯೇಸುವಿನ ಕೈಯಲ್ಲಿ ಮೊಳೆಯ ಗುರುತು ಹಾಗೇ ಇತ್ತು. ದೇವರು ಹಳೆಯ ದೇಹವನ್ನು ಸಮಾಧಿಯಲ್ಲಿ ಬಿಟ್ಟು ಬೇರೆ ದೇಹ ತರಲಿಲ್ಲ. ಸೃಷ್ಟಿಯ ಬಗ್ಗೆಯೂ ನನ್ನ ನಿರೀಕ್ಷೆ ಅದೇ.

ಅಂಗಳದ ದೀಪ:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಬಡವರ ನಡುವೆ ಕೆಲಸ ಮಾಡುವವಳು. ಹೊಟ್ಟೆಗಿಲ್ಲದವರ ಮುಂದೆ ಕಣಜ, ಕಾಡುಕತ್ತೆ ಅಂತ ಮಾತಾಡುವುದು ಹೊಟ್ಟೆ ತುಂಬಿದವರ ಮಾತು ಅನಿಸುವುದಿಲ್ವಾ? ಒಲೆಗೆ ಸೌದೆ ಬೇಕಾದವಳಿಗೆ ಮರ ಕಡಿಯಬೇಡ ಅನ್ನುವ ಧೈರ್ಯ ನನಗಿಲ್ಲ.

ನಿವೃತ್ತ ಸಭಾಪಾಲಕ:

ಆ ಧೈರ್ಯ ನಿನಗೆ ಬೇಡವೇ ಬೇಡಮ್ಮ. ಸೌದೆ ಆಯುವವಳಿಂದ ಭೂಮಿ ಹಾಳಾಗುತ್ತಿಲ್ಲ. ನದಿಗೆ ವಿಷ ಬಿಟ್ಟಾಗ ಮೊದಲು ಕಾಯಿಲೆ ಬೀಳುವುದು ಆ ನದಿಯ ನೀರನ್ನೇ ಕುಡಿಯುವವರು.

ವಿಮೋಚನಕಾಂಡ 23:11 ತೆಗೆದು ನೋಡು. ಏಳನೇ ವರ್ಷ ಹೊಲವನ್ನು ಬೀಳುಬಿಡಬೇಕು. ತಾನಾಗಿ ಬೆಳೆದದ್ದನ್ನು ಬಡವರು ತಿನ್ನಲಿ, ಅವರು ಬಿಟ್ಟದ್ದನ್ನು ಕಾಡುಮೃಗಗಳು ತಿನ್ನಲಿ. ದ್ರಾಕ್ಷೆತೋಟಕ್ಕೂ ಎಣ್ಣೆಮರಕ್ಕೂ ಅದೇ ನಿಯಮ. ಒಂದೇ ವಚನದಲ್ಲಿ ಬಡವನೂ ಕಾಡುಮೃಗವೂ ಅಕ್ಕಪಕ್ಕ ಕೂತಿದ್ದಾರೆ. ಇಬ್ಬರ ಪಾಲನ್ನೂ ಯಾರಿಂದ ಬಿಡಿಸಿಕೊಳ್ಳಬೇಕಿತ್ತು? ಹೊಲದ ಒಡೆಯನಿಂದ. ಅವನೂ ನಿಜವಾದ ಒಡೆಯನಲ್ಲ ಅಂತ ಯಾಜಕಕಾಂಡ 25:23 ಹೇಳುತ್ತದೆ. ಭೂಮಿ ನನ್ನದು, ನೀವು ನನ್ನ ಬಳಿಯಲ್ಲಿ ಇಳುಕೊಂಡಿರುವ ಪರದೇಶಿಗಳು ಅನ್ನುತ್ತಾರೆ ದೇವರು. ಜನ ಆ ವಿಶ್ರಾಂತಿ ಕೊಡಲಿಲ್ಲ. 2 ಪೂರ್ವಕಾಲವೃತ್ತಾಂತದ ಕೊನೆಯಲ್ಲಿ ನೋಡು, ಜನ ಸೆರೆಹೋದ ಮೇಲೆ ಎಪ್ಪತ್ತು ವರ್ಷ ಭೂಮಿ ತನ್ನ ಬಾಕಿ ಸಬ್ಬತ್ತುಗಳನ್ನು, ಅಂದರೆ ವಿಶ್ರಾಂತಿಯ ಕಾಲವನ್ನು, ತೀರಿಸಿಕೊಂಡಿತು. ಹೋಶೇಯ 4ರಲ್ಲೂ ಹಾಗೇ. ಸುಳ್ಳು, ಕೊಲೆ, ಕಳ್ಳತನ ಹೆಚ್ಚಿದಾಗ ದೇಶ ನರಳುತ್ತದೆ, ಮೃಗ ಪಕ್ಷಿಗಳು ಬಳಲುತ್ತವೆ, ಸಮುದ್ರದ ಮೀನೂ ಅಳಿಯುತ್ತದೆ. ಮನುಷ್ಯನಿಗೆ ಮಾಡಿದ ಅನ್ಯಾಯ ಮೀನಿನ ತನಕ ಹೋಗುತ್ತದೆ ಅಂತ ಆ ಪ್ರವಾದಿ ಕಂಡಿದ್ದ.

ಅಂಗಳದ ದೀಪ:

ಬಡವನೂ ಕಾಡುಮೃಗವೂ ಒಂದೇ ವಚನದಲ್ಲಿ. ಇದನ್ನು ನಾನು ನಮ್ಮ ಗುಂಪಿನಲ್ಲಿ ಓದಿಸುತ್ತೇನೆ. ಹೊಲ ಇಲ್ಲದವರೇ ಅಲ್ಲಿ ಜಾಸ್ತಿ, ಅವರು ಏನು ಹೇಳುತ್ತಾರೆ ಕೇಳಬೇಕು.

ಬೆಳಗಿನ ಪ್ರಾರ್ಥನೆ:

ಒಂದು ಮಾತು. ಸುವಾರ್ತೆಯೇ ಮೊದಲು ಅನ್ನುವುದರಲ್ಲಿ ನಾನು ಬದಲಾಗಿಲ್ಲ. ಆದರೆ ಯೋನನ ಪುಸ್ತಕದ ಕಡೆಯ ವಚನ ನಿನ್ನೆಯಿಂದ ನನ್ನನ್ನು ಬಿಡುತ್ತಿಲ್ಲ. ಇಡೀ ಪಟ್ಟಣಕ್ಕೆ ಮಾನಸಾಂತರ ಸಾರಿದ ಪುಸ್ತಕ ಅದು. ನಿನೆವೆಯಲ್ಲಿ ಲಕ್ಷದ ಇಪ್ಪತ್ತು ಸಾವಿರಕ್ಕಿಂತ ಹೆಚ್ಚು ಜನ ಇದ್ದಾರೆ, ಅವರಿಗಾಗಿ ನಾನು ಮರುಗಬಾರದೇ ಅಂತ ಕೇಳಿದ ದೇವರು, ಬಹಳ ಪಶುಗಳೂ ಇವೆ ಅಂತ ಸೇರಿಸುತ್ತಾರೆ. ನಾನು ಅದನ್ನು ಎಷ್ಟೋ ಸಲ ಬೋಧಿಸಿದ್ದೇನೆ, ಪಶುಗಳ ಮಾತಿನ ಹತ್ತಿರ ನಿಂತಿರಲಿಲ್ಲ. ಆತ್ಮಗಳ ಭಾರ ಹೊತ್ತ ದೇವರಿಗೆ ಆ ದನಗಳ ನೆನಪೂ ಇತ್ತು.

ಸಸ್ಯಶಾಸ್ತ್ರ ಟೀಚರ್:

ಬ್ರದರ್, ನಿಮ್ಮ ಈ ಮಾತಿಗೆ ವಂದನೆ.

ನಮ್ಮ ಭಾನುವಾರ ಶಾಲೆಯಲ್ಲಿ ಈ ಭಾಗಗಳನ್ನು ತಗೊಳ್ಳಬೇಕು ಅಂತ ಆಸೆಯಾಗಿದೆ. ಮಕ್ಕಳಿಗೆ ಪ್ರತಿ ಸಲ ಆದಿಕಾಂಡ 1ರ ಬಣ್ಣ ಹಚ್ಚುವ ಚಿತ್ರ ಕೊಟ್ಟು ಮುಗಿಸುತ್ತೇವೆ. ಈ ಸಲ ಯೋಬ 39ರಿಂದ ಶುರು ಮಾಡುವ ಯೋಚನೆ ಇದೆ. ಉಷ್ಟ್ರಪಕ್ಷಿಯ ಭಾಗ ಅವರಿಗೆ ತುಂಬಾ ಇಷ್ಟ ಆಗುತ್ತದೆ. ಮೊಟ್ಟೆಯನ್ನು ನೆಲದ ಮೇಲೆ ಬಿಟ್ಟುಹೋಗುವ, ಜ್ಞಾನವನ್ನೇ ಪಡೆಯದ ಆ ಹಕ್ಕಿ ಓಡಲು ಎದ್ದರೆ ಕುದುರೆಯನ್ನೂ ಸವಾರನನ್ನೂ ನೋಡಿ ನಗುತ್ತದೆ. ಹತ್ತು ವರ್ಷದವರಿಗೆ ಹದ್ದಿನ ಮರಿಯ ವಚನ ಓದಿಸಬಹುದಾ, ಇಲ್ಲ ಅದನ್ನು ದೊಡ್ಡ ತರಗತಿಗೆ ಇಟ್ಟುಕೊಳ್ಳಲಾ? ಓದುಗ ಅವರೇ, ನೀವೇ ಹೇಳಿ.

ಓದುಗ:

ಓದಿಸಿ ಟೀಚರ್. ಮಕ್ಕಳು ಹದ್ದನ್ನು ನೋಡೇ ಇರುತ್ತಾರೆ. ಅವರು ಏನು ಕೇಳಿದರು ಅಂತ ಇಲ್ಲಿ ಬಂದು ಬರೆಯಿರಿ.